ಸೀಟು ನಮ್ಮದು, ದುಡ್ಡು ಯಾರ ಕೇರಿಗೆ?

1

ದಲಿತ ವಿಮರ್ಶೆ ಮೊದಲಿನಿಂದಲೂ ಪ್ರಾತಿನಿಧ್ಯದ ಪ್ರಶ್ನೆಯನ್ನು ಬೆನ್ನು ಹತ್ತಿದೆ. ಕತೆ ಕಾದಂಬರಿಗಳಲ್ಲಿ ನಮ್ಮವರು ಬಂದಿದ್ದಾರೆಯೇ, ಬಂದಿದ್ದರೆ ಯಾರ ಕಣ್ಣಿನ ಮೂಲಕ ಬಂದಿದ್ದಾರೆ, ಅವರ ಬಾಯಲ್ಲಿರುವ ಮಾತು ಯಾರದು ಎಂದು ನಾವು ಕೇಳುತ್ತ ಬಂದಿದ್ದೇವೆ. ಅದೇ ಪ್ರಶ್ನೆಯನ್ನು ನಾನಿಲ್ಲಿ ಖಜಾನೆಯ ಬಾಗಿಲಿಗೆ ಒಯ್ಯುತ್ತಿದ್ದೇನೆ. ಶಾಸನಸಭೆಯಲ್ಲಿ ನಮ್ಮವರೊಬ್ಬರು ಕೂತರೆ ಸರ್ಕಾರದ ದುಡ್ಡು ನಮ್ಮ ಕಡೆಗೆ ಹರಿಯುತ್ತದೆಯೇ? ಹರಿದರೆ ಎಲ್ಲಿಯವರೆಗೆ ಹರಿಯುತ್ತದೆ? ತಾಲ್ಲೂಕಿನವರೆಗೋ, ಊರಿನವರೆಗೋ, ಕೇರಿಯವರೆಗೋ?

ಬಜೆಟ್ಟು, ಅನುದಾನ, ಕಾಮಗಾರಿ ಪಟ್ಟಿ ಇವೆಲ್ಲ ವಿಮರ್ಶಕರಿಗೆ ಯಾಕೆ ಮಾರಾಯ ಎಂದು ಕೆಲವು ಗೆಳೆಯರು ಕೇಳಬಹುದು. ಬಜೆಟ್ಟೂ ಒಂದು ಪಠ್ಯವೇ. ಅದರಲ್ಲೂ ನಾಯಕರಿದ್ದಾರೆ, ಹೆಸರಿಲ್ಲದೆ ಬಂದು ಹೋಗುವ ಪಾತ್ರಗಳಿವೆ, ಬರೆಯದೆ ಬಿಟ್ಟ ಜಾಗಗಳಿವೆ. ಅದನ್ನು ಓದಲು ಬಾರದವರಿಗೆ ತಮ್ಮ ಪಾಲು ಎಲ್ಲಿ ಹೋಯಿತೆಂಬುದೂ ತಿಳಿಯುವುದಿಲ್ಲ.

ಕೊಟ್ಟಿಗೆಹಾರದಿಂದ ಈ ಪ್ರಶ್ನೆ ಕೇಳಲು ಕಾರಣವಿದೆ. ನಾನು ಈ ಸೀಮೆಯವನು. ಮಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಮೂಡಿಗೆರೆಗೆ ಹೋಗುತ್ತದೆ. ಇನ್ನೊಂದು ದಾರಿ ಕಳಸ, ಹೊರನಾಡಿಗೆ ತಿರುಗುತ್ತದೆ. ಘಾಟಿ ಹತ್ತಿದವರು ಇಲ್ಲಿ ಬಸ್ಸಿಳಿದು ನೀರುದೋಸೆ ತಿಂದು ಹೋಗ್ತಾರೆ. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇಲ್ಲೇ ಇದೆ. ಇದೆಲ್ಲ ದಾರಿಹೋಕರಿಗೆ ಕಾಣುವ ಕೊಟ್ಟಿಗೆಹಾರ. ರಸ್ತೆ ಬಿಟ್ಟು ಎರಡು ತಿರುವು ಒಳಗೆ ಹೋದರೆ ತೋಟದ ಲೈನ್ ಮನೆಗಳು, ಅದರಾಚೆ ಕಾಲೋನಿಗಳು. ಮೂಡಿಗೆರೆ ವಿಧಾನಸಭಾ ಕ್ಷೇತ್ರ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಪರಿಶಿಷ್ಟ ಜಾತಿಗೆ ಮೀಸಲು. ಕಳಸ ಬೇರೆ ತಾಲ್ಲೂಕಾದ ಮೇಲೂ ಕ್ಷೇತ್ರ ಮೂಡಿಗೆರೆಯದೇ. ಇಷ್ಟು ವರ್ಷ ಶಾಸಕರ ಕುರ್ಚಿಯಲ್ಲಿ ಕೂತವರೆಲ್ಲ ನಮ್ಮವರೇ. ಹಾಗಾದರೆ ಆ ಕುರ್ಚಿಯಿಂದಾಗಿ ಈ ಲೈನಿಗೆ, ಈ ಕಾಲೋನಿಗೆ ಬಂದದ್ದೇನು?

ಇದಕ್ಕೆ 'ಏನೂ ಬಂದಿಲ್ಲ' ಎಂದು ಸಿಟ್ಟಿನಿಂದ ಹೇಳಿಬಿಡುವುದು ಸುಲಭ. 'ಎಲ್ಲ ಬಂದಿದೆ' ಎಂದು ಫ್ಲೆಕ್ಸ್ ಹಾಕಿಸುವುದು ಇನ್ನೂ ಸುಲಭ. ನಾನು ದುಡ್ಡು ಬರುವ ದಾರಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತೇನೆ. ಯಾಕೆಂದರೆ ಎಲ್ಲ ದಾರಿಯಲ್ಲೂ ಪ್ರತಿನಿಧಿಯ ಕೈ ಒಂದೇ ರೀತಿ ಆಡುವುದಿಲ್ಲ.

2

ಮೊದಲನೆಯದು ಸೂತ್ರದ ದುಡ್ಡು. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಸಂವಿಧಾನದ 280ನೇ ವಿಧಿಯಡಿ ಹಣಕಾಸು ಆಯೋಗ ಹೇಳುತ್ತದೆ. 15ನೇ ಆಯೋಗ 2021-26ರ ಅವಧಿಗೆ ಮಾಡಿದ ಲೆಕ್ಕದಲ್ಲಿ ತಲಾದಾಯದ ಅಂತರಕ್ಕೆ ಶೇಕಡಾ 45ರ ತೂಕ ಕೊಟ್ಟಿತ್ತು. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಕಾಡಿಗೆ 10. ಅಂದರೆ ತಲಾದಾಯ ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು, ಹೆಚ್ಚಿರುವ ರಾಜ್ಯಕ್ಕೆ ಕಡಿಮೆ. 14ನೇ ಆಯೋಗದಲ್ಲಿ ಶೇಕಡಾ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರವೇ ದೆಹಲಿಗೆ ಹೋಗಿ 'ನನ್ನ ತೆರಿಗೆ ನನ್ನ ಹಕ್ಕು' ಎಂದು ಧರಣಿ ಮಾಡಿದ್ದು ಇದೇ ಸಿಟ್ಟಿನಿಂದ.

ಸಿಟ್ಟು ಸರಿಯೇ ತಪ್ಪೇ ಎಂಬುದಕ್ಕಿಂತ ಆ ಸೂತ್ರ ಏನನ್ನು ಅಳೆಯುತ್ತದೆ ಎಂಬುದು ನಮಗೆ ಮುಖ್ಯ. ತಲಾದಾಯ ಅಂದರೆ ಸರಾಸರಿ. ಬೆಂಗಳೂರಿನ ಕಂಪನಿಗಳ ಲಾಭವನ್ನೂ ರಾಯಚೂರಿನ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ಕರ್ನಾಟಕ ಸಿರಿವಂತ ರಾಜ್ಯವಾಗಿ ಕಾಣುತ್ತದೆ. ಜಿಲ್ಲೆಯ ಮಟ್ಟದಲ್ಲೂ ಹೀಗೇ. ತಲಾದಾಯದಲ್ಲಿ ಚಿಕ್ಕಮಗಳೂರು ರಾಜ್ಯದ ಮುಂದಿನ ಸಾಲಿನ ಜಿಲ್ಲೆ. ನೂರು ಎಕರೆ ಕಾಫಿಯ ಸಾಹುಕಾರರೂ ಅವರ ಲೈನಿನಲ್ಲಿ ಬಾಳುವ ಹತ್ತು ಸಂಸಾರವೂ ಒಂದೇ ಭಾಗಾಕಾರದಲ್ಲಿ ಬರ್ತಾರೆ. ಸರಾಸರಿಯಲ್ಲಿ ಕೂಲಿಯವನೂ ಅರ್ಧ ಸಾಹುಕಾರ!

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ದೊಡ್ಡತನವನ್ನು ಇಲ್ಲಿ ನೆನೆಯಬೇಕು. 35 ಸೂಚಕಗಳನ್ನಿಟ್ಟು ಆಗಿನ 175 ತಾಲ್ಲೂಕುಗಳನ್ನು ಅಳೆದ ಆ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹಾಕಬೇಕೆಂದು ಶಿಫಾರಸು ಮಾಡಿತು. 'ದಕ್ಷಿಣ ಕರ್ನಾಟಕ ಮುಂದುವರಿದಿದೆ, ಉತ್ತರ ಹಿಂದುಳಿದಿದೆ' ಎಂಬ ದೊಗಲೆ ಮಾತನ್ನು ಒಡೆದು ತಾಲ್ಲೂಕಿನವರೆಗೆ ಇಳಿದದ್ದು ಆ ವರದಿಯ ಶಕ್ತಿ. ತಾಲ್ಲೂಕಿನಲ್ಲೇ ನಿಂತುಬಿಟ್ಟದ್ದು ಅದರ ಮಿತಿ. ತಾಲ್ಲೂಕಿನ ಸರಾಸರಿಯನ್ನು ಒಡೆದು ಕೇರಿಗೆ ಇಳಿಯುವ ಕೆಲಸ ಇನ್ನೂ ಬಾಕಿ ಇದೆ.

ಸೂತ್ರದ ದುಡ್ಡಿನಲ್ಲಿ ಶಾಸಕರ ಕೈ ಆಡುವುದಿಲ್ಲ ಎಂಬುದು ಅದರ ಗುಣ. ಸೂತ್ರ ಬರೆಯುವ ಕೋಣೆಯಲ್ಲಿ ಕೇರಿಯವರು ಇಲ್ಲ ಎಂಬುದು ಅದರ ದೋಷ.

3

ಎರಡನೆಯದು ಕೈಯೆತ್ತಿ ಕೊಡುವ ದುಡ್ಡು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಂಸದರದು 2011ರಿಂದ 5 ಕೋಟಿ. ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಮನಾಗಿ ಹಂಚಿದರೆ ಮೂಡಿಗೆರೆಗೆ 62.5 ಲಕ್ಷ. ಅದರಲ್ಲಿ ಪರಿಶಿಷ್ಟ ಜಾತಿಯವರಿರುವ ಜಾಗಗಳಿಗೆ ಶೇಕಡಾ 15, ಪರಿಶಿಷ್ಟ ಪಂಗಡದವರಿರುವ ಜಾಗಗಳಿಗೆ 7.5 ಎಂದು ನಿಯಮವಿದೆ. ಜನ ಮಾತಾಡುವುದು ಈ ದುಡ್ಡಿನ ಬಗ್ಗೆಯೇ. ಆದರೆ ಇದು ಚಿಲ್ಲರೆ. ದೊಡ್ಡ ಮೊತ್ತ ಇರುವುದು ಲೋಕೋಪಯೋಗಿ ರಸ್ತೆಗಳಲ್ಲಿ, ವಿಶೇಷ ಅನುದಾನಗಳಲ್ಲಿ, ಮಂತ್ರಿಗಳ ಟೇಬಲ್ಲಿನ ಮೇಲೆ. ಅಲ್ಲಿ ಶಾಸಕರು ಯಾವ ಪಕ್ಷದವರು, ಆ ಪಕ್ಷದಲ್ಲಿ ಯಾರ ಕಡೆಯವರು ಎಂಬುದು ಎಣಿಕೆಗೆ ಬರುತ್ತದೆ.

ಇದು ಬರೀ ಚಾ ಅಂಗಡಿಯ ಮಾತಲ್ಲ. ಕೇಂದ್ರದಿಂದ ರಾಜ್ಯಗಳಿಗೆ ಹೋದ ಹಣವನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞೆ ಸ್ತುತಿ ಖೇಮಾನಿ ಎರಡು ಬಗೆಯ ಹಣವನ್ನು ಬೇರೆ ಮಾಡಿ ನೋಡಿದರು. ರಾಜಕಾರಣಿಗಳ ವಿವೇಚನೆಗೆ ಬಿಟ್ಟ ಹಣ ತಮ್ಮದೇ ಪಕ್ಷದ ಸರ್ಕಾರಗಳಿರುವ ರಾಜ್ಯಗಳ ಕಡೆ ವಾಲುತ್ತಿತ್ತು. ಹಣಕಾಸು ಆಯೋಗದ ಮೂಲಕ ಹೋದ ಹಣ ಆ ವಾಲಿಕೆಗೆ ತಡೆಯಾಗಿತ್ತು. ದೆಹಲಿಯಿಂದ ರಾಜ್ಯಕ್ಕೆ ಹೀಗಾದರೆ ವಿಧಾನಸೌಧದಿಂದ ತಾಲ್ಲೂಕಿಗೆ ಬೇರೆಯಾಗಲು ಕಾರಣವಿಲ್ಲ.

ಆದರೆ ಒಂದೇ ಪಕ್ಷದವರಾದ ಮಾತ್ರಕ್ಕೆ ಕೈ ತುಂಬುತ್ತದೆ ಎಂದೂ ಇಲ್ಲ. 2021ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಅಂದಿನ ಶಾಸಕ ಎಂ.ಪಿ. ಕುಮಾರಸ್ವಾಮಿಯವರು ವಿಧಾನಸೌಧದ ಆವರಣದಲ್ಲಿ ಧರಣಿ ಕೂತರು. ಅತಿವೃಷ್ಟಿಗೆ ಸಿಕ್ಕ ತಮ್ಮ ಕ್ಷೇತ್ರಕ್ಕೆ ಪರಿಹಾರದ ಹಣ ಸಿಕ್ಕಿಲ್ಲ ಎಂಬುದು ಅವರ ದೂರು. ಅವರು ಬಿಜೆಪಿಯವರು, ರಾಜ್ಯದಲ್ಲೂ ಕೇಂದ್ರದಲ್ಲೂ ಇದ್ದದ್ದು ಬಿಜೆಪಿ ಸರ್ಕಾರ. ಆಳುವ ಪಕ್ಷದ ಮೀಸಲು ಶಾಸಕರೊಬ್ಬರು ತಮ್ಮದೇ ಸರ್ಕಾರದ ಮುಂದೆ ಹೀಗೆ ಕೂರಬೇಕಾದರೆ ಸದಸ್ಯತ್ವ ಬೇರೆ, ಅಧಿಕಾರ ಬೇರೆ ಎಂದಾಯಿತು. ಹಂಚುವ ಟೇಬಲ್ಲಿನ ಈಚೆ ಇರುವವರು ಅರ್ಜಿದಾರರೇ, ಅವರು ಶಾಸಕರಾದರೂ ಸರಿ.

ಟೇಬಲ್ಲಿನ ಆಚೆ ಹೋದರೆ? ಅದಕ್ಕೂ ನಮ್ಮ ಕ್ಷೇತ್ರದಲ್ಲೇ ಉದಾಹರಣೆ ಇದೆ. 1999ರಲ್ಲಿ ಗೆದ್ದ ಮೋಟಮ್ಮನವರು ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದಾಗ, 2000-01ರಲ್ಲಿ, ಸ್ತ್ರೀಶಕ್ತಿ ಯೋಜನೆ ಬಂತು. ಅದು ಮೂಡಿಗೆರೆಗೆಂದು ಬಂದ ಯೋಜನೆಯಲ್ಲ, ಇಡೀ ರಾಜ್ಯದ್ದು. ಸ್ವಸಹಾಯ ಗುಂಪುಗಳ ಮೂಲಕ ಊರೂರ ಕೂಲಿ ಹೆಂಗಸರ ಕೈಗೆ ಉಳಿತಾಯದ ಪುಸ್ತಕ ಬಂತು. ಹಂಚುವ ಜಾಗದಲ್ಲಿ ಕೂತವರು ಎಂಥವರು ಎಂಬುದರಿಂದ ಏನನ್ನು ಹಂಚಬೇಕೆಂಬ ಯೋಚನೆಯೂ ಬದಲಾಗಬಲ್ಲದು. 'ನಮ್ಮೂರಿಗೆ ಏನು ತಂದರು' ಎಂದು ಮಾತ್ರ ಅಳೆದರೆ ಇಂಥ ಕೆಲಸ ಲೆಕ್ಕಕ್ಕೇ ಸಿಗುವುದಿಲ್ಲ.

ಬರೀ ದೊಡ್ಡ ಹೆಸರಿನಿಂದಲೂ ಆಗುವುದಿಲ್ಲ. 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರೇ ಚಿಕ್ಕಮಗಳೂರಿನಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರ ಸದಸ್ಯತ್ವ ಕಳೆಯಿತು. 1980ರಲ್ಲಿ ಅವರು ಮೇದಕ್‌ಗೆ ಹೋದರು. ಪ್ರತಿನಿಧಿಗೆ ಕ್ಷೇತ್ರದ ಹಂಗು ಮುಂದಿನ ಚುನಾವಣೆಗೂ ಉಳಿದರೆ ಮಾತ್ರ ದುಡ್ಡಿಗೆ ದಾರಿ ನೆನಪಿರುತ್ತದೆ.

4

ಆ ಹಂಗು ಯಾರದ್ದು? ಮೀಸಲು ಕ್ಷೇತ್ರದ ಗಂಟು ಇರುವುದು ಇಲ್ಲಿ. ನಮ್ಮ ಕಾಲೋನಿಯ ಹಿರಿಯರೊಬ್ಬರು ಹೇಳ್ತಿದ್ರು: "ನಿಂತೋರೆಲ್ಲ ನಮ್ಮೋರೇ ಕಣಪ್ಪ. ಗೆಲ್ಸೋರು ಮಾತ್ರ ನಾವಲ್ಲ." ಪೂನಾ ಒಪ್ಪಂದದ ಇಡೀ ಚರ್ಚೆ ಈ ಎರಡು ವಾಕ್ಯದಲ್ಲಿದೆ.

1932ರಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತದಾನದ 71 ಸ್ಥಾನ ಕೊಡುವುದಾಗಿ ಹೇಳಿತ್ತು. ಗಾಂಧೀಜಿಯ ಉಪವಾಸದ ಒತ್ತಡದಲ್ಲಿ ಸೆಪ್ಟೆಂಬರ್ 24ರಂದು ಆದ ಒಪ್ಪಂದದಿಂದ ಸ್ಥಾನಗಳು 148ಕ್ಕೆ ಏರಿದವು, ಪ್ರತ್ಯೇಕ ಮತದಾನ ಹೋಯಿತು. ಸೀಟು ಹೆಚ್ಚಾಯಿತು, ಅದನ್ನು ಕೊಡುವ ಕೈ ಬದಲಾಯಿತು. ಬಾಬಾಸಾಹೇಬರು 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆಯುವಾಗಲೂ ಪ್ರತ್ಯೇಕ ಮತದಾನದ ಬೇಡಿಕೆಯನ್ನು ಮತ್ತೆ ಎತ್ತಿದ್ದು ಇದು ಗೊತ್ತಿದ್ದೇ.

ಮೀಸಲು ಕ್ಷೇತ್ರದಲ್ಲಿ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ದಲಿತರೇ ಆದ್ದರಿಂದ ಜಾತಿಯ ಕಾರಣಕ್ಕೆ ಯಾರಿಗೂ ಹೆಚ್ಚು ಓಟು ಬರುವುದಿಲ್ಲ. ದಲಿತರ ಓಟು ಪಕ್ಷಗಳ ನಡುವೆ ಒಡೆಯುತ್ತದೆ. ಉಳಿದ ಜಾತಿಗಳ ಓಟು ಯಾರ ಕಡೆ ತಿರುಗಿತೋ ಅವರು ಗೆಲ್ತಾರೆ. 2023ರಲ್ಲಿ ಮೂಡಿಗೆರೆಯಲ್ಲಿ ನಯನಾ ಮೋಟಮ್ಮ ಗೆದ್ದದ್ದು ಕೇವಲ 722 ಮತಗಳಿಂದ. ಇಷ್ಟು ಸಣ್ಣ ಅಂತರದಲ್ಲಿ ಪ್ರತಿ ಊರಿನ ಯಜಮಾನರ ಮುಖ ನೋಡದೆ ಯಾವ ಶಾಸಕರೂ, ಯಾವ ಪಕ್ಷದವರೂ ಕೆಲಸ ಮಾಡುವುದು ಕಷ್ಟ. ಇದನ್ನು ವ್ಯಕ್ತಿಯ ಗುಣದೋಷವಾಗಿ ಓದಬಾರದು. ರಚನೆಯೇ ಹಾಗಿದೆ. ತೋಟದ ಗೇಟಿನವರೆಗೆ ಕಾಂಕ್ರೀಟು ಹೋಗಿ ಕಾಲೋನಿಯ ದಾರಿ ಕೆಸರಲ್ಲಿ ಉಳಿದದ್ದು ಕಂಡರೆ ಶಾಸಕರ ಜಾತಿ ಕೇಳುವ ಮೊದಲು ಅವರ ಗೆಲುವಿನ ಲೆಕ್ಕ ಕೇಳಬೇಕು.

ಸಂಶೋಧನೆಗಳೂ ಇದನ್ನೇ ಬೇರೆ ಬೇರೆ ಕಡೆಯಿಂದ ಹೇಳ್ತವೆ. ರೋಹಿಣಿ ಪಾಂಡೆಯವರು 2003ರಲ್ಲಿ ಪ್ರಕಟಿಸಿದ ಅಧ್ಯಯನ 16 ರಾಜ್ಯಗಳ ಮೂರು ದಶಕಗಳ ಲೆಕ್ಕ ನೋಡಿತು. ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಯ ಮೀಸಲು ಸ್ಥಾನ ಹೆಚ್ಚಿದಾಗ ಸರ್ಕಾರಿ ನೌಕರಿಯ ಮೀಸಲಾತಿ ಹೆಚ್ಚಿತು. ಪಂಗಡಗಳ ಸ್ಥಾನ ಹೆಚ್ಚಿದಾಗ ಪಂಗಡಗಳ ಕಲ್ಯಾಣಕ್ಕೆ ಹಣ ಹೆಚ್ಚಿತು. ಫ್ರಾನ್ಸೆಸ್ಕಾ ಜೆನ್ಸೇನಿಯಸ್ ಎಂಬ ನಾರ್ವೆಯ ವಿದ್ವಾಂಸೆ ಮೀಸಲು ಕ್ಷೇತ್ರಗಳನ್ನು ಅಂಥದೇ ಸಾಮಾನ್ಯ ಕ್ಷೇತ್ರಗಳ ಜೊತೆಗಿಟ್ಟು 1971ರಿಂದ 2001ರವರೆಗೆ ಹೋಲಿಸಿದರು. ಮೀಸಲು ಕ್ಷೇತ್ರದೊಳಗಿನ ದಲಿತರ ಸ್ಥಿತಿ ಸಾಮಾನ್ಯ ಕ್ಷೇತ್ರದ ದಲಿತರಿಗಿಂತ ಎದ್ದುಕಾಣುವಂತೆ ಸುಧಾರಿಸಿರಲಿಲ್ಲ. ಆದರೆ ಎದುರಿಗೆ ಕೂರಿಸಿ ಮಾತಾಡುವ ನಡವಳಿಕೆಯಲ್ಲಿ, ತಾರತಮ್ಯ ಕಡಿಮೆಯಾಗುವುದರಲ್ಲಿ ಫಲ ಇತ್ತು. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಇಷ್ಟು: ನಮ್ಮವರು ಸಭೆಯಲ್ಲಿ ಒಟ್ಟಾಗಿ ನಿಂತಾಗ ಕಾನೂನು ಬದಲಾಗುತ್ತದೆ, ಒಬ್ಬೊಬ್ಬರಾಗಿ ಕ್ಷೇತ್ರಕ್ಕೆ ಮರಳಿದಾಗ ದುಡ್ಡು ಗೆಲ್ಲಿಸಿದವರ ಕಡೆ ಹೋಗುತ್ತದೆ.

ಓಟಿನ ತೂಕ ಬದಲಾದರೆ ದುಡ್ಡಿನ ದಾರಿ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೂ ಪುರಾವೆ ಇದೆ. ಅಲ್ಲಿ ಹಿಂದೆ ಕಡಿಮೆ ಜನರಿದ್ದ ಹಳ್ಳಿ ಸೀಮೆಗಳಿಗೆ ಹೆಚ್ಚು ಸ್ಥಾನ, ಹೆಚ್ಚು ಜನರಿದ್ದ ನಗರಗಳಿಗೆ ಕಡಿಮೆ ಸ್ಥಾನ ಇತ್ತು. 1962ರ ಬೇಕರ್-ಕಾರ್ ತೀರ್ಪಿನ ನಂತರ ಕ್ಷೇತ್ರಗಳನ್ನು ಜನಸಂಖ್ಯೆಗೆ ತಕ್ಕಂತೆ ಮರುವಿಂಗಡಿಸಿದರು. ಇದನ್ನು ಲೆಕ್ಕ ಹಾಕಿದ ಅನ್ಸೋಲಬೆಹೆರ್, ಗರ್ಬರ್, ಸ್ನೈಡರ್ ಎಂಬ ವಿದ್ವಾಂಸರ ಪ್ರಕಾರ ವರ್ಷಕ್ಕೆ ಸುಮಾರು 700 ಕೋಟಿ ಡಾಲರ್ ಸರ್ಕಾರಿ ಹಣ ಮೊದಲು ಹೆಚ್ಚು ಪ್ರಾತಿನಿಧ್ಯವಿದ್ದ ಜಾಗಗಳಿಂದ ಕಡಿಮೆ ಇದ್ದ ಜಾಗಗಳಿಗೆ ತಿರುಗಿತು. ಅಲ್ಲಿ ಬದಲಾದದ್ದು ಓಟಿನ ತೂಕ. ನಮ್ಮಲ್ಲಿ ಬದಲಾದದ್ದು ಅಭ್ಯರ್ಥಿಯ ಜಾತಿ. ಎರಡೂ ಪ್ರಾತಿನಿಧ್ಯವೇ, ಆದರೆ ದುಡ್ಡಿಗೆ ಅರ್ಥವಾಗುವುದು ಮೊದಲನೆಯದು.

5

ಕೆಳಗೆ ಪಂಚಾಯ್ತಿಗೆ ಇಳಿದರೆ ಚಿತ್ರ ಸ್ವಲ್ಪ ಬೇರೆ. ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆ, 1987ರ ಚುನಾವಣೆ, ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಇವುಗಳಿಂದ ಕೇರಿಯ ಗಂಡಸರು ಹೆಂಗಸರು ಸದಸ್ಯರಾದರು, ಅಧ್ಯಕ್ಷರಾದರು. ದಕ್ಷಿಣದ ನಾಲ್ಕು ರಾಜ್ಯಗಳ ಪಂಚಾಯ್ತಿಗಳನ್ನು ನೋಡಿದ ಬೆಸ್ಲಿ, ಪಾಂಡೆ ಮತ್ತು ವಿಜಯೇಂದ್ರ ರಾವ್ ಅವರ ಅಧ್ಯಯನದಲ್ಲಿ ಎರಡು ಸಂಗತಿ ಕಂಡವು. ಅಧ್ಯಕ್ಷರು ಯಾವ ಹಳ್ಳಿಯವರೋ ಆ ಹಳ್ಳಿಗೆ ರಸ್ತೆ, ನೀರಿನಂಥ ಸೌಲಭ್ಯ ಹೆಚ್ಚು ಹೋಗಿತ್ತು. ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದ ಕಡೆ, ಮನೆ, ಕಕ್ಕಸಿನಂತೆ ಮನೆಮನೆಗೆ ಕೊಡುವ ಸೌಲಭ್ಯ ಪರಿಶಿಷ್ಟರ ಮನೆಗಳಿಗೆ ಹೆಚ್ಚು ಮುಟ್ಟಿತ್ತು.

ಇಲ್ಲಿ ಯಾಕೆ ಫಲ ಕಾಣುತ್ತದೆ? ವಾರ್ಡು ಸಣ್ಣದು. ಕೇರಿಯ ಓಟೇ ನಿರ್ಣಾಯಕವಾಗಬಹುದು. ಯಾರ ಹೆಸರು ಪಟ್ಟಿಯಲ್ಲಿದೆ, ಯಾರದು ಬಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಸೋತರೆ ಅದೇ ಕೇರಿಯಲ್ಲಿ ಬಾಳಬೇಕು!

ಹೀಗಿರುವಾಗ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅದನ್ನು ನಮ್ಮ ಚಳವಳಿಗಳು ಸಣ್ಣ ವಿಷಯವೆಂದುಕೊಂಡವು. ಆ ಎರಡು ಮೆಟ್ಟಿಲು ತೆಗೆದರೆ ದುಡ್ಡು ಅಧಿಕಾರಿ ಮತ್ತು ಶಾಸಕರ ನಡುವೆ ಮಾತ್ರ ಓಡಾಡುತ್ತದೆ. ಮೀಸಲಿನಿಂದ ಗೆದ್ದು ಬರಬೇಕಿದ್ದ ನೂರಾರು ಸದಸ್ಯರ ಬಾಯಿ ಅಲ್ಲಿಗೆ ಮುಚ್ಚಿತು.

6

ಮೂರನೆಯ ಬಗೆಯ ದುಡ್ಡು ಬಜೆಟ್ಟಿನಲ್ಲಿ ದುಡ್ಡಾಗಿ ಕಾಣುವುದೇ ಇಲ್ಲ. ಅದು ನೆಲ. ಸರ್ಕಾರ ಭೂಮಿ ಕೊಡುವುದೂ ಅನುದಾನವೇ, ಎಲ್ಲಕ್ಕಿಂತ ದೊಡ್ಡ ಅನುದಾನ. ಬಗರ್‌ಹುಕುಂ ಸಮಿತಿಗೆ ಅಧ್ಯಕ್ಷರು ಸಾಮಾನ್ಯವಾಗಿ ಶಾಸಕರೇ. ಅರ್ಜಿ ನಮೂನೆ 50, 53, 57 ಎಂದು ಅಂಕಿಗಳು ಬದಲಾಗುತ್ತ ಬಂದಿವೆ. ಕೂಲಿಯವರ ಕಡತ ಮಾತ್ರ ಕಟ್ಟಿನಲ್ಲೇ ಉಳಿದ ಕತೆ ಇಲ್ಲಿ ಮನೆಮನೆಯಲ್ಲಿದೆ. ನಮ್ಮ ಮನೆಯದೂ ಇದೆ. ಅದೇ ಹೊತ್ತಿಗೆ ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ, ಏಲಕ್ಕಿ ಹಾಕಿದ ಬೆಳೆಗಾರರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ 2022-23ರ ಹೊತ್ತಿಗೆ ತಿದ್ದುಪಡಿ ಬಂತು. ಮೂವತ್ತು ನಲವತ್ತು ಅಡಿಯ ಸೈಟಿಗೆ ಅರ್ಜಿ ಹಾಕಿ ಕಾದವರ ತಾಲ್ಲೂಕಿನಲ್ಲಿ 25 ಎಕರೆಯ ಒತ್ತುವರಿಗೆ ಕಾನೂನೇ ಬಾಗಿಲು ತೆರೆಯಿತು. ಪ್ರಾತಿನಿಧ್ಯ ಯಾರದು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಬೇರೆ ಅಳತೆಗೋಲು ಬೇಡ.

ನೆಲವಿಲ್ಲದಿದ್ದರೆ ಬೇರೆ ಪರಿಹಾರವೂ ಕೈಗೆ ನಿಲ್ಲುವುದಿಲ್ಲ. 2019ರ ಆಗಸ್ಟ್ ಮಳೆಗೆ ನಮ್ಮ ಸುತ್ತಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡಗಳೇ ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಸರ್ಕಾರ ಘೋಷಿಸಿತು. ಆದರೆ ಮನೆ ಕಟ್ಟಿಕೊಳ್ಳುವ ಪರಿಹಾರಕ್ಕೆ ಮನೆ ಯಾರದೆಂಬ ಕಾಗದ ಬೇಕು. ಲೈನ್ ಮನೆ ತೋಟದ ಯಜಮಾನರದು. ಅದು ಬಿದ್ದರೆ ಬೀದಿಗೆ ಬರುವವರು ಕೂಲಿಯವರು, ಕಾಗದದಲ್ಲಿ ಕಳೆದುಕೊಂಡವರು ಯಜಮಾನರು.

7

ಹಾಗಾದರೆ ಮೀಸಲು ಸೀಟು ಬೇಡವೇ? ಬೇಕು. ಸಂವಿಧಾನದ 104ನೇ ತಿದ್ದುಪಡಿಯ ಪ್ರಕಾರ ಅದರ ಅವಧಿ ಇರುವುದು 2030ರವರೆಗೆ, ಅದಕ್ಕೂ ಹೋರಾಡಬೇಕು. ಆದರೆ ಸೀಟಿನಿಂದ ದುಡ್ಡು ತಾನಾಗಿ ಕೇರಿಗೆ ಬರ್ತದೆ ಎಂಬ ನಂಬಿಕೆ ಬಿಡಬೇಕು. ಕೇರಿಗೆ ದುಡ್ಡು ತರುವುದು ಕಾನೂನಿನಲ್ಲಿ ಬರೆದ ಪಾಲು ಮತ್ತು ಅದನ್ನು ಕಾಯುವ ಕಣ್ಣು.

ಪಾಲು ಬರೆದದ್ದಿದೆ. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕಂತೆ ಜಾತಿಗಳಿಗೆ ಶೇಕಡಾ 17.15, ಪಂಗಡಗಳಿಗೆ 6.95, ಒಟ್ಟು 24.1. ಇದು ಶಾಸಕರ ಕೃಪೆಯಲ್ಲ, ಸೂತ್ರ. ನಮ್ಮವರ ಲೆಕ್ಕಕ್ಕೇ ಬರೆದ ಸೂತ್ರ. ಆದರೆ ಅದೇ ಕಾಯ್ದೆಯ 7(ಡಿ) ಎಂಬ ಸಂದಿಯಲ್ಲಿ, ದೊಡ್ಡ ರಸ್ತೆ, ಸೇತುವೆಗಳ ಖರ್ಚಿನ ಒಂದು ಭಾಗವನ್ನು ನಮ್ಮ ಹೆಸರಿಗೆ ಬರೆದುಕೊಳ್ಳಲು ಅವಕಾಶ ಇತ್ತು. ಚಳವಳಿಗಳ ಒತ್ತಡದಿಂದ 2023ರಲ್ಲಿ ಅದು ರದ್ದಾಯಿತು. ಆದರೂ 2024-25ರಲ್ಲಿ ಸುಮಾರು 39,121 ಕೋಟಿಯ ಉಪಯೋಜನೆ ಹಣದಲ್ಲಿ 14,282 ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಲಾಯಿತು. ದಲಿತರೂ ಅದರ ಫಲಾನುಭವಿಗಳು ತಾನೇ ಎಂಬುದು ಸರ್ಕಾರದ ವಾದ. ಎಲ್ಲರಿಗೂ ಸಿಗುವುದನ್ನು ನಮಗೆ ಕೊಟ್ಟು ಅದನ್ನು ನಮ್ಮ ಪಾಲಿನಲ್ಲಿ ಕಳೆದರೆ, ನಮಗೆಂದು ಉಳಿದದ್ದೇನು ಎಂಬುದು ನನ್ನ ಪ್ರಶ್ನೆ. ರಾಜ್ಯದ ಸಭೆಯಲ್ಲಿ 36 ಪರಿಶಿಷ್ಟ ಜಾತಿ, 15 ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳಿವೆ. 224ರಲ್ಲಿ 51. ಆ 51 ಮಂದಿ ಪಕ್ಷ ಮರೆತು ಒಂದು ದಿನ ಇದನ್ನು ಕೇಳಿದರೆ ಸಾಕು, ಒಂದು ಕ್ಷೇತ್ರಕ್ಕೆ ತರುವ ಅನುದಾನಕ್ಕಿಂತ ದೊಡ್ಡದು ಬರುತ್ತದೆ.

ಅವರನ್ನು ಕೇಳಿಸುವವರು ನಾವು. ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ಕೋರಿಕೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂರು ಕಾಗದ ತರಿಸಿ: ನಿಮ್ಮ ಗ್ರಾಮ ಪಂಚಾಯ್ತಿಯ ಕ್ರಿಯಾಯೋಜನೆ, ಶಾಸಕರ ನಿಧಿಯ ಕಾಮಗಾರಿ ಪಟ್ಟಿ, ತಾಲ್ಲೂಕಿನಲ್ಲಿ ಉಪಯೋಜನೆ ಹಣದ ಕಾಮಗಾರಿ ಪಟ್ಟಿ. ಊರಿನ ನಕ್ಷೆ ಬರೆದು ಒಂದೊಂದು ಕಾಮಗಾರಿಯೂ ಯಾರ ಮನೆ ಮುಂದೆ ನಿಂತಿದೆ ಎಂದು ಗುರುತು ಹಾಕಿ. 'ಕಾಲೋನಿ ರಸ್ತೆ' ಎಂದು ಬರೆದದ್ದು ಕಾಲೋನಿ ಮುಟ್ಟುವ ಮೊದಲೇ ಎಲ್ಲಿ ನಿಂತಿತೆಂದು ನಡೆದು ನೋಡಿ. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಗೋಡೆಗೆ ಅಂಟಿಸಿ, ಎಲ್ಲರೆದುರು ಗಟ್ಟಿಯಾಗಿ ಓದಿ.